ಪೂರ್ವಾಶ್ರಮದ ಸಹಿ

ಆ ದಿನ ಮಾತಾಜಿ ನನ್ನ ಮೇಜಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಮುಕ್ಕಾಲು ಗಂಟೆ ಎಂದು ನನ್ನ ನೆನಪು. ಅವರ ತಮ್ಮನನ್ನು ಕೇಳಿದರೆ ಹತ್ತು ನಿಮಿಷ ಎನ್ನುತ್ತಾರೆ. ಹೊರಗೆ ಮಳೆ ಬರುತ್ತಿತ್ತು, ಒಳಗೆ ಬಂದವರ ಚಪ್ಪಲಿಯಿಂದ ಬ್ಯಾಂಕಿನ ನೆಲವೆಲ್ಲ ಕೆಸರಾಗಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಫಾರ್ಮಿನ ಮೇಲೆ ಬಿದ್ದಿರುವುದು ಫೆಬ್ರವರಿ ತಿಂಗಳ ಮೊಹರು. ಫೆಬ್ರವರಿಯಲ್ಲಿ ಬಸವೇಶ್ವರನಗರದಲ್ಲಿ ನೆಲ ಕೆಸರಾಗುವಷ್ಟು ಮಳೆ ಬಂದದ್ದನ್ನು ನಾನಂತೂ ಕಂಡಿಲ್ಲ. ಬೇರೆ ಯಾವುದೋ ದಿನದ ಕೆಸರನ್ನು ತಂದು ಆ ದಿನಕ್ಕೆ ಬಳಿದಿದ್ದೇನೆ ಎಂದು ಕಾಣುತ್ತದೆ. ಇನ್ನೂ ಎರಡು ವರ್ಷ ತುಂಬದ ಸಂಗತಿಯ ಪಾಡೇ ಹೀಗಾದರೆ, ನನ್ನ ಬಾಲ್ಯದ ಬಗ್ಗೆ ನಾನು ಹೇಳಿಕೊಂಡು ತಿರುಗುವುದರಲ್ಲಿ ಎಷ್ಟು ನಿಜವೋ.

ಆದ್ದರಿಂದ ಇಲ್ಲಿ ಬರೆಯುವುದನ್ನೆಲ್ಲ ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು. ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಮಾತಾಜಿಯ ಎರಡು ಹೆಸರುಗಳಲ್ಲಿ ಒಂದನ್ನು ಬರೆಯುವ ಹಕ್ಕು ನನಗಿಲ್ಲ. ಇನ್ನೊಂದನ್ನು ಈಗಾಗಲೇ ಬೇಕಾದುದಕ್ಕಿಂತ ಹೆಚ್ಚು ಸಲ ಬರೆಸಿದ್ದೇನೆ.

ನಾನು ಕೆಲಸ ಮಾಡುತ್ತಿದ್ದ ಶಾಖೆ ಒಂದು ಅಡ್ಡರಸ್ತೆಯಲ್ಲಿತ್ತು. ಕೆಳಗೆ ಬ್ಯಾಂಕು, ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮೇಲಿನ ಡ್ರಿಲ್ಲಿನ ಸದ್ದು ಕೇಳಿದಾಗೆಲ್ಲ ಕೌಂಟರಿನ ಮುಂದೆ ನಿಂತ ಗಿರಾಕಿಗಳು ದವಡೆ ಮುಟ್ಟಿಕೊಳ್ಳುತ್ತಿದ್ದರು. ಗ್ರಾಹಕರಲ್ಲಿ ಅರ್ಧದಷ್ಟು ಜನ ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯಿಂದ ಬಂದು ಮನೆ ಕಟ್ಟಿಕೊಂಡ ನಿವೃತ್ತ ಅಧಿಕಾರಿಗಳು, ವ್ಯಾಪಾರಿಗಳು. ಉಳಿದವರು ಅವರ ಮನೆಗಳ ಬಾಡಿಗೆಯ ಭಾಗಗಳಲ್ಲಿ ಇರುವವರು, ಲಗ್ಗೆರೆಯಿಂದ ಬೈಕಿನಲ್ಲಿ ಬರುವ ಕಾರ್ಖಾನೆಯವರು. ನನ್ನ ಮೇಜಿಗೆ ಬರುತ್ತಿದ್ದುದು ಗುರುತಿನ ಕೆಲಸ. ಅಂದರೆ, ನಮ್ಮ ಪುಸ್ತಕದಲ್ಲಿರುವ ಹೆಸರಿನವರೂ ನನ್ನ ಎದುರು ಕುರ್ಚಿಯಲ್ಲಿ ಕುಳಿತಿರುವವರೂ ಒಬ್ಬರೇ ಎಂದು ನೋಡಿ, ಅಡಿಯಲ್ಲಿ ನನ್ನ ಸಹಿ ಹಾಕುವುದು.

ನಾನು ಎಂ.ಎ. ಮಾಡಿದ್ದು ತತ್ತ್ವಶಾಸ್ತ್ರದಲ್ಲಿ. ಮೈಸೂರು ರಸ್ತೆಯಾಚೆಯ ಕ್ಯಾಂಪಸ್ಸಿನ ನೀಲಗಿರಿ ಮರಗಳ ಕೆಳಗೆ ಕುಳಿತು, ನಿನ್ನೆಯ ನಾನೂ ಇಂದಿನ ನಾನೂ ಒಬ್ಬನೇ ಎನ್ನಲು ಆಧಾರವೇನು ಎಂದು ಎರಡು ವರ್ಷ ಗೆಳೆಯರೊಂದಿಗೆ ಜಗಳವಾಡಿದವನು. ಬ್ಯಾಂಕಿಗೆ ಬಂದ ಮೇಲೆ ಆ ಪ್ರಶ್ನೆಗೆ ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಉತ್ತರವಿದೆ ಎಂದು ಗೊತ್ತಾಯಿತು. ನಮ್ಮ ಮುಂದೆ ಸಹಿ ಮಾಡಿಸಿ ಆಮೇಲೆ ನೋಟರಿಯ ಮೊಹರು ಹಾಕಿಸುವ ಆ ಪ್ರಮಾಣಪತ್ರಕ್ಕೆ ನಮ್ಮ ಶಾಖೆಯಲ್ಲಿ 'ಇಬ್ಬರೂ ಒಬ್ಬರೇ ಪತ್ರ' ಎಂದೇ ಹೆಸರು. ಇಂಥ ಹೆಸರಿನವನೂ ಇಂಥ ಹೆಸರಿನವನೂ ನಾನೇ, ಇಬ್ಬರೂ ಒಬ್ಬರೇ ಎಂದು ಬರೆದು ಎರಡೂ ಹೆಸರಿನಲ್ಲಿ ಸಹಿ ಮಾಡಬೇಕು.

ದೇವರ ಹೆಸರು ಬೇರೆ, ಸರ್ಕಾರದ ಹೆಸರು ಬೇರೆ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ಬಾಪೂಜಿನಗರದ ಒಬ್ಬ ದರ್ಜಿ, ರೇಷನ್ ಕಾರ್ಡಿನಲ್ಲಿ ಮನೆಯವರು ಕರೆಯುವ ಹೆಸರನ್ನೂ ಹಜ್ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಹಿರಿಯರು ಇಟ್ಟ ಉದ್ದನೆಯ ಹೆಸರನ್ನೂ ಇಟ್ಟುಕೊಂಡು ಬಂದಿದ್ದರು. ಪತ್ರಕ್ಕೆ ಸಹಿ ಹಾಕುತ್ತಾ, "ಸಾರ್, ನನ್ ಹೆಂಡ್ತಿ ಕೋಪ ಬಂದಾಗ ಇನ್ನೊಂದ್ ಹೆಸರು ಕರೀತಾಳೆ, ಅದನ್ನೂ ಸೇರಿಸ್ಕೊಂಡ್ಬಿಡಿ" ಎಂದಿದ್ದರು. ಮಾಗಡಿ ರಸ್ತೆಯ ಕಡೆಯ ಕಾನ್ವೆಂಟಿನಿಂದ ಬಂದ ಸಿಸ್ಟರ್ ಒಬ್ಬರ ಕೆಲಸವಂತೂ ಐದು ನಿಮಿಷಕ್ಕೆ ಮುಗಿದಿತ್ತು. ವ್ರತ ಸ್ವೀಕರಿಸಿದಾಗ ಕೊಟ್ಟ ಹೆಸರನ್ನು ಅವರು ಚರ್ಚಿನೊಳಗೆ ಮಾತ್ರ ಬಳಸುತ್ತಿದ್ದರು. ಕಾಗದಗಳಲ್ಲೆಲ್ಲ ತಂದೆ ತಾಯಿ ಇಟ್ಟ ಹೆಸರೇ ಇತ್ತು. ಸ್ವರ್ಗಕ್ಕೆ ಒಂದು, ಗೌರ್ಮೆಂಟಿಗೆ ಒಂದು ಎಂದು ನಕ್ಕಿದ್ದರು. ಇವರೆಲ್ಲರನ್ನು ನೋಡಿದ ಮೇಲೆ ನನಗೊಂದು ಖಾತ್ರಿ ಬಂದುಬಿಟ್ಟಿತ್ತು: ಎರಡು ಅಂಗಿಗಳಂತೆ ಎರಡು ಹೆಸರುಗಳನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಬೇಕಾದಾಗ ಬೇಕಾದುದನ್ನು ತೊಡಬಹುದು.

ಮೊದಲು ಬಂದವರು ಮಾತಾಜಿಯ ತಮ್ಮ. ಐವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ತಾಯಿ ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು. ತಾಯಿಯ ಹೆಸರಿನಲ್ಲಿದ್ದ ಲಾಕರಿನಲ್ಲಿ ಮನೆಯ ಕ್ರಯಪತ್ರದ ಮೂಲಪ್ರತಿ ಇತ್ತು. ಆಗ ಊರಿನಲ್ಲೆಲ್ಲ ಆಸ್ತಿಯ ಖಾತೆಯನ್ನು ಆನ್‌ಲೈನ್ ಮಾಡಿಸುವ ಇ-ಖಾತೆಯ ಗಡಿಬಿಡಿ. ಮೂಲಪ್ರತಿ ಇಲ್ಲದೆ ಅವರು ಕಂದಾಯ ಕಚೇರಿಗೆ ಅಲೆದು ಅಲೆದು ಸುಸ್ತಾಗಿದ್ದರು. ಲಾಕರ್ ತೆಗೆಸಿಕೊಡಿ ಎಂದು ಕೇಳಿದರು. ನಾನು ಹಳೆಯ ಫಾರ್ಮ್ ತೆಗೆದು ನೋಡಿದೆ. ನಾಮಿನಿಯ ಜಾಗದಲ್ಲಿ ಅವರ ಹೆಸರಿರಲಿಲ್ಲ. ಒಬ್ಬ ಹೆಣ್ಣುಮಗಳ ಹೆಸರಿತ್ತು, ಸಂಬಂಧ: ಮಗಳು.

"ನಮ್ಮಕ್ಕ" ಎಂದರು ಅವರು. ಆಮೇಲೆ, ಏನೋ ತಪ್ಪಾಡಿದವರಂತೆ, "ಅಂದ್ರೆ, ಈಗ ಮಾತಾಜಿಯವರು" ಎಂದು ತಿದ್ದಿಕೊಂಡರು.

ಅಕ್ಕ ಮೂವತ್ತು ವರ್ಷಗಳ ಹಿಂದೆ ಜಂಗಮ ದೀಕ್ಷೆ ಪಡೆದು, ಕೆಂಗೇರಿಯಾಚೆಯ ಹೆಣ್ಣುಮಕ್ಕಳ ಸಣ್ಣ ಮಠವೊಂದನ್ನು ನಡೆಸುತ್ತಿದ್ದರು. ಅಲ್ಲಿಗೆ ಬರುವ ಹುಡುಗಿಯರಿಗೆ ಲಿಂಗದೀಕ್ಷೆ ಕೊಡುವವರೂ ಅವರೇ. ದೀಕ್ಷೆಯಾದ ಮೇಲೆ ಹೆತ್ತ ತಾಯಿಯೇ ಅವರ ಪಾದ ಮುಟ್ಟಿ ನಮಸ್ಕರಿಸುತ್ತಿದ್ದರಂತೆ. ಮಗಳು ಮನೆಗೆ ಬಂದರೆ ಬಾಗಿಲಲ್ಲೇ ಪಾದ ತೊಳೆದು, ಮಾತಾಜಿ ಎಂದೇ ಕರೆದು, ತಾವು ನೆಲದ ಮೇಲೆ ಕೂರುತ್ತಿದ್ದರಂತೆ. ಹಾಗಿದ್ದೂ ಲಾಕರಿನ ಬಾಡಿಗೆ ಕಟ್ಟಲು ವರ್ಷ ವರ್ಷವೂ ಶಾಖೆಗೆ ಬರುತ್ತಿದ್ದ ಆ ತಾಯಿ, ಫಾರ್ಮಿನಲ್ಲಿದ್ದ ಮಗಳ ಹಳೆಯ ಹೆಸರನ್ನು ಬದಲಿಸಿರಲಿಲ್ಲ. ಮರೆತಿದ್ದರೋ, ಬೇಕೆಂದೇ ಉಳಿಸಿಕೊಂಡಿದ್ದರೋ. ನನಗೆ ಎರಡನೆಯದೇ ನಿಜ ಎನ್ನಿಸುತ್ತದೆ. ಆದರೆ ಅದು ಕತೆಗೆ ಚೆಂದ ಎಂಬ ಕಾರಣಕ್ಕೇ ಹಾಗೆ ಅನ್ನಿಸುತ್ತಿರಬಹುದು.

ಮಾತಾಜಿಯವರನ್ನೇ ಕರೆದುಕೊಂಡು ಬನ್ನಿ, ಗುರುತಿನ ಕಾಗದ ತರಲಿ ಎಂದೆ. ಒಂದು ವಾರದ ನಂತರ ಇಬ್ಬರೂ ಬಂದರು.

ಅರವತ್ತರ ಹೆಂಗಸು, ಕಾವಿ ಸೀರೆ, ತಲೆಯ ಮೇಲೆ ಸೆರಗು, ಎದೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಇಷ್ಟಲಿಂಗ. ಅವರು ಒಳಗೆ ಬರುತ್ತಲೇ ಸಾಲಿನಲ್ಲಿದ್ದ ಮೂರು ನಾಲ್ಕು ಜನ ಚಪ್ಪಲಿ ಬಿಟ್ಟು ಬಂದು ಕಾಲಿಗೆ ನಮಸ್ಕರಿಸಿದರು. ನಮ್ಮ ಸೆಕ್ಯೂರಿಟಿಯವರೂ ಕೈ ಮುಗಿದರು. ಸಾಲು ಮುರಿಯಿತಲ್ಲ ಎಂದು ನನಗೆ ಕಿರಿಕಿರಿಯಾಯಿತು. ಮಾತಾಜಿಯ ತಮ್ಮ ಮಾತ್ರ ಕುರ್ಚಿಯಲ್ಲಿ ಕೂರದೆ ಅವರ ಪಕ್ಕದಲ್ಲಿ ನಿಂತೇ ಇದ್ದರು.

ಆಧಾರ್ ಕಾರ್ಡು ಕೊಟ್ಟರು. ಅದರಲ್ಲಿದ್ದದ್ದು ದೀಕ್ಷೆಯ ಹೆಸರು. ತಂದೆಯ ಹೆಸರಿರಬೇಕಾದಲ್ಲಿ ಗುರುಗಳ ಹೆಸರು. ಹುಟ್ಟಿದ ದಿನ ಜನವರಿ ಒಂದು. ವಯಸ್ಸಿನ ದಾಖಲೆ ಇಲ್ಲದವರಿಗೆಲ್ಲ ಬರೆಯುವಂತೆ. ವಿಳಾಸ ಮಠದ್ದು. ನಮ್ಮ ಫಾರ್ಮಿನಲ್ಲಿದ್ದ ನಾಲ್ಕು ಸಂಗತಿಗಳಲ್ಲಿ ಒಂದೂ ಹೊಂದಲಿಲ್ಲ.

"ತಂದೆ ಹೆಸರು ಏನಮ್ಮಾ?" ಎಂದೆ.

"ಅಲ್ಲೇ ಇದೆ ನೋಡಪ್ಪ."

"ಅದು ಗುರುಗಳದ್ದು. ಹೆತ್ತ ತಂದೆ ಹೆಸರು ಕೇಳ್ದೆ."

"ಅದನ್ನ ಇವರ ಹತ್ರ ಕೇಳು" ಎಂದು ತಮ್ಮನ ಕಡೆ ತೋರಿಸಿದರು.

ದೀಕ್ಷೆ ಎಂದರೆ ಗುರುವಿನ ಕೈಯಿಂದ ಹುಟ್ಟುವುದು, ಅಲ್ಲಿಂದ ಮುಂದೆ ಗುರುವೇ ತಂದೆ ಎಂದು ತಮ್ಮ ನನಗೆ ವಿವರಿಸಿದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅದೊಂದು ಉಪಮೆ ಎಂದುಕೊಂಡಿದ್ದೆ. ಹಳೆಯ ಹೆಸರಿನ ಯಾವುದಾದರೂ ಕಾಗದವಿದೆಯೇ, ಶಾಲೆಯದ್ದೋ ಮತ್ತೊಂದೋ ಎಂದು ಕೇಳಿದೆ. ಮಠಕ್ಕೆ ಹೋಗುವಾಗ ಮೈಮೇಲಿನ ಬಟ್ಟೆ ಬಿಟ್ಟು ಬೇರೇನೂ ಒಯ್ದಿರಲಿಲ್ಲ ಎಂದರು. ಹಾಗಾದರೆ ಉಳಿದ ದಾರಿ ನಮ್ಮ ಮಾಮೂಲು ಪತ್ರ. ಒಂದು ಮಾದರಿ ಪ್ರತಿಯನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಾದರಿ ಪ್ರತಿಯನ್ನು ಪೂರ್ತಿ ಓದಿದವರನ್ನು ನಾನು ಅದೇ ಮೊದಲು ನೋಡಿದ್ದು.

"ಇದಕ್ಕೆ ಸಹಿ ಹಾಕಕ್ಕೆ ಬರಲ್ಲಪ್ಪ" ಎಂದರು.

"ಯಾಕಮ್ಮಾ, ಇದರಲ್ಲಿ ಸುಳ್ಳೇನೂ ಇಲ್ವಲ್ಲ."

"ಆ ಹುಡುಗಿ ಹೋಗಿ ಮೂವತ್ತು ವರ್ಷದ ಮೇಲಾಯ್ತು. ಸತ್ತೋರ ಸಹಿ ಇನ್ನೊಬ್ರು ಹಾಕಿದ್ರೆ ನೀವೇ ತಾನೆ ಪೊಲೀಸ್ನೋರಿಗೆ ಹಿಡ್ಕೊಡೋದು?"

ನಾನು ನಕ್ಕೆ. ಅವರೂ ಸ್ವಲ್ಪ ನಕ್ಕರು ಎಂದು ನೆನಪು. ಆಮೇಲೆ ನಾನು ಒಂದು ಮಾತು ಹೇಳಿದೆ. ಅದನ್ನು ಬಾಯಿಬಿಟ್ಟು ಹೇಳಿದೆನೋ, ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಾದೆನೋ ಎಂದು ಬಹಳ ದಿನ ಅನುಮಾನವಿತ್ತು. ಹೇಳಿದಿರಿ ಎಂದು ತಮ್ಮ ಆಮೇಲೆ ಖಚಿತಪಡಿಸಿದ್ದಾರೆ. "ಸತ್ತಿದ್ರೆ ಡೆತ್ ಸರ್ಟಿಫಿಕೇಟ್ ತಂದ್ಕೊಡಿ ಅಮ್ಮಾ, ಅದಕ್ಕೂ ನಮ್ಮಲ್ಲಿ ಒಂದು ಫಾರ್ಮ್ ಇದೆ."

ಕ್ಯಾಂಪಸ್ಸಿನಲ್ಲಿ ಇಂಥ ಮಾತಿಗೆ ಗೆಳೆಯರು ಬೆನ್ನು ತಟ್ಟುತ್ತಿದ್ದರು.

ಮಾತಾಜಿ ಕೋಪಿಸಿಕೊಳ್ಳಲಿಲ್ಲ. ಒಬ್ಬ ದಡ್ಡ ವಿದ್ಯಾರ್ಥಿಗೆ ಲೆಕ್ಕ ಹೇಳಿಕೊಡುವಂತೆ ನಿಧಾನವಾಗಿ ಹೇಳಿದರು. ತಮ್ಮ ಗುರುಗಳ ಪರಂಪರೆಯಲ್ಲಿ ಪೂರ್ವಾಶ್ರಮದ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಕೈಯಲ್ಲಿ ಬರೆಯುವಂತಿಲ್ಲ. ಅದಾದರೂ ಪ್ರಾಯಶ್ಚಿತ್ತಕ್ಕೆ ಹೋಗುವ ತಪ್ಪು. ಆದರೆ ಆ ಹೆಸರಿನಲ್ಲಿ ಹುಟ್ಟಿದ ಮನೆಯ ಆಸ್ತಿಗೆ ಕೈ ಚಾಚಿದರೆ, ಆಕೆ ಮತ್ತೆ ಆ ಮನೆಯ ಮಗಳು ಎಂದೇ ಲೆಕ್ಕ. ಕಾವಿ ಉಟ್ಟುಕೊಂಡು ಮಠದಲ್ಲೇ ಇರಬಹುದು. ಇನ್ನೊಬ್ಬರಿಗೆ ಲಿಂಗದೀಕ್ಷೆ ಕೊಡುವಂತಿಲ್ಲ. "ತಾನೇ ವಾಪಸ್ ಬಂದೋಳು ಇನ್ನೊಬ್ಬರನ್ನ ದಾಟಿಸ್ತಾಳಾ?" ಎಂದರು.

ಲಾಕರಿನಲ್ಲಿರುವುದು ತಮಗೆ ಬೇಡ, ಎಲ್ಲ ಇವರಿಗೇ ಸೇರಲಿ ಎಂದು ಬರೆದುಕೊಡುವುದಾಗಿ ಹೇಳಿದರು. ಅದನ್ನೂ ಯೋಚಿಸಿದೆ. ಬೇಡ ಎಂದು ಬರೆದುಕೊಡಬೇಕಾದವಳು ಮಗಳು. ಅಂದರೆ ಬೇಡ ಎನ್ನುವುದಕ್ಕೂ ಅದೇ ಹೆಸರು ಬೇಕು. ಹೀಗೆ ಹೇಳುವಾಗ ನನಗೊಂದು ಖುಷಿ ಇತ್ತು. ಕಗ್ಗಂಟಿನ ಎರಡೂ ತುದಿ ಒಂದೇ ಕಡೆ ಬಂದು ಸೇರಿದ್ದನ್ನು ಕಂಡಾಗ ಆಗುವ ಖುಷಿ. ಎದುರಿಗಿದ್ದ ಇಬ್ಬರ ಮುಖ ಹೇಗಿತ್ತೋ ನಾನು ನೋಡಲಿಲ್ಲ. ನೋಡಿದ್ದರೆ ನೆನಪಿರುತ್ತಿತ್ತು.

ಮ್ಯಾನೇಜರ್ ಮೇಡಂ ಅವರನ್ನು ಕೇಳಿ ಬರುತ್ತೇನೆಂದು ಎದ್ದು ಹೋದೆ. ಅವರು ಯಾವುದೋ ಮೀಟಿಂಗಿನ ಕರೆಯಲ್ಲಿದ್ದರು, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ನೀವೇ ನೋಡ್ಕೊಳ್ಳಿ. ಪೇಪರ್ ಸರಿಯಿದ್ರೆ ನನ್ನದೇನೂ ಅಭ್ಯಂತರ ಇಲ್ಲ" ಎಂದರು. ಈ ಘಟನೆಯನ್ನು ಹೇಳುವಾಗ ಒಂದಷ್ಟು ದಿನ ನಾನು ಮೇಡಂ ಒಪ್ಪಲಿಲ್ಲ ಎಂದು ಹೇಳಿಕೊಂಡು ಬಂದೆ. ಅವರು ಒಪ್ಪದೇ ಇರಲಿಲ್ಲ. ಅವರನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ.

ಆ ದಿನ ಮಾತಾಜಿ ಸಹಿ ಹಾಕದೆ ಹೋದರು. ಎರಡು ದಿನ ಬಿಟ್ಟು ಅವರ ತಮ್ಮ ಒಬ್ಬರೇ ಬಂದು, ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದರು. ಕೋರ್ಟಿಗೆ ಹೋಗಬಹುದು, ಎರಡು ಮೂರು ವರ್ಷ ಹಿಡಿಯಬಹುದು, ಅಲ್ಲಿಯೂ ಅಕ್ಕನಿಗೆ ನೋಟಿಸು ಹಳೆಯ ಹೆಸರಿನಲ್ಲೇ ಹೋಗುತ್ತದೆ ಎಂದೆ. ಅವರು ಸೋತವರಂತೆ ಕುರ್ಚಿಯಲ್ಲಿ ಕುಳಿತರು. ಅಕ್ಕ ಪಕ್ಕದಲ್ಲಿಲ್ಲದ ಕಾರಣ ಅವತ್ತು ಕುಳಿತುಕೊಳ್ಳಬಹುದಾಗಿತ್ತು.

"ನೀವು ಸ್ವಲ್ಪ ಹೇಳಿ ಒಪ್ಸಿ ಸಾರ್. ಒಂದು ಸಹಿ ತಾನೆ" ಎಂದೆ ನಾನು.

"ಅವರಿಗೆ ನಾನು ಹೇಳೋದಾ?" ಎಂದರು. ಫೈಲನ್ನು ತೊಡೆಯ ಮೇಲಿಟ್ಟುಕೊಂಡು, "ಅವ್ರು ದೀಕ್ಷೆಗೆ ಹೋದಾಗ ನಂಗೆ ಇಪ್ಪತ್ನಾಲ್ಕು. ಅವತ್ತಿಂದ ಒಂದ್ ಸಲಾನೂ ಅಕ್ಕಾ ಅಂತ ಕೂಗಿಲ್ಲ ಸಾರ್. ಅಮ್ಮನ ಮಣ್ಣಿಗೆ ಬಂದಾಗ್ಲೂ ನಾವೆಲ್ಲ ಅವರ ಕಾಲಿಗೆ ಬಿದ್ವಿ. ಅವ್ರು ಅಮ್ಮನ ಹಣೆಗೆ ವಿಭೂತಿ ಹಚ್ಚಿ, ನೀರೂ ಮುಟ್ಟದೆ ಹೊರಟ್ಹೋದ್ರು" ಎಂದರು.

ಆದರೂ ಹೇಳಿದರು ಎಂದು ಕಾಣುತ್ತದೆ. ಅಥವಾ ಏನೂ ಹೇಳದೆ, ಮಠದ ಜಗಲಿಯಲ್ಲಿ ಆ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಸುಮ್ಮನೆ ಕುಳಿತಿರಬಹುದು. ಮುಂದಿನ ವಾರ ತಮ್ಮನ ಜೊತೆ ಮಾತಾಜಿ ಬಂದರು. ನಾನು ಮೊದಲಿಗೆ ಹೇಳಿದ, ಎಷ್ಟು ಹೊತ್ತೆಂದು ನೆನಪಿಲ್ಲದ ದಿನ ಅದು.

"ಎಲ್ಲಿ ಹಾಕ್ಬೇಕು ತೋರ್ಸು" ಎಂದರು.

ಒಂದು ಸಹಿ ಎಂದು ಅವರ ತಮ್ಮನಿಗೆ ನಾನೇ ಹೇಳಿದ್ದೆ. ಪತ್ರದಲ್ಲಿ ಒಂದೇನೋ ನಿಜ. ಆದರೆ ಕ್ಲೇಮ್ ಫಾರ್ಮಿನಲ್ಲಿ ಪುಟಕ್ಕೊಂದು, ಬಾಂಡಿನಲ್ಲಿ ಎರಡು, ರಸೀದಿಯಲ್ಲಿ ಒಂದು. ಬಂದವರಿಗೆ ಗೊಂದಲವಾಗದಿರಲಿ ಎಂದು ಹಿಂದಿನ ದಿನವೇ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಅವರು ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ಕುಳಿತು, ಪೆನ್ನು ತೆಗೆದುಕೊಂಡು ಮೊದಲನೆಯದನ್ನು ಬರೆದರು. ಅದು ಸಹಿಯಂತೆ ಇರಲೇ ಇಲ್ಲ. ಹೈಸ್ಕೂಲಿನ ಹುಡುಗಿ ನೋಟ್‌ಬುಕ್ಕಿನ ಮೇಲೆ ಬರೆಯುವಂತೆ ಒಂದೊಂದೇ ಅಕ್ಷರ, ದುಂಡಗೆ. ಬರೆದು ಪೆನ್ನು ಕೆಳಗಿಟ್ಟರು. ನಾನು ಪುಟ ತಿರುಗಿಸಿ, "ಇಲ್ಲೂ ಒಂದು ಅಮ್ಮಾ" ಎಂದೆ. ಮತ್ತೆ ಪೆನ್ನು ತೆಗೆದುಕೊಂಡರು. ಮತ್ತೆ ಕೆಳಗಿಟ್ಟರು. ಪ್ರತಿ ಸಲವೂ ಇದೇ ಕೊನೆಯದು ಎಂದುಕೊಂಡವರಂತೆ ಪೆನ್ನು ಕೆಳಗಿಡುತ್ತಿದ್ದರು. ಏಳು ಸಲ. ಏಳು ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ, ಅದೇ ನಮೂನೆಯ ಫಾರ್ಮುಗಳನ್ನು ನಾನು ಇಂದಿಗೂ ದಿನಾ ನೋಡುತ್ತೇನೆ.

ಪಕ್ಕದಲ್ಲಿ ನಿಂತಿದ್ದ ತಮ್ಮ ನಡುವೆ ಎಲ್ಲೋ, ಮೂರನೆಯದೋ ನಾಲ್ಕನೆಯದೋ ಆದಾಗ, "ಅಕ್ಕಾ, ಸಾಕು ಬಿಡು" ಎಂದರು. ಬಹಳ ಮೆಲ್ಲಗೆ ಹೇಳಿದರು. ಮಾತಾಜಿ ತಲೆ ಎತ್ತಲಿಲ್ಲ. ನಾನು ಐದನೆಯ ಗುರುತು ತೋರಿಸಿದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಸಂಜೆ ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ. ಸಹಿ ಕೇಳುವುದು ಹಿಂದಿನ ಸಹಿಯ ಜೊತೆ ಹೋಲಿಸಿ ನೋಡಲು. ಆಕೆಯ ಹಳೆಯ ಸಹಿ ನಮ್ಮಲ್ಲಿ ಎಲ್ಲಿಯೂ ಇರಲಿಲ್ಲ. ನಾಮಿನಿಯಿಂದ ಆಗ ಯಾರೂ ಸಹಿ ತೆಗೆದುಕೊಳ್ಳುತ್ತಿರಲಿಲ್ಲ. ಆ ಏಳು ಸಹಿಗಳನ್ನು ಹೋಲಿಸಿ ನೋಡಲು ಏನೂ ಇರಲಿಲ್ಲ. ಅವು ಏನನ್ನೂ ರುಜುವಾತು ಮಾಡಲಿಲ್ಲ.

ಲಾಕರಿನ ಕೋಣೆಗೆ ಹೋದೆವು. ಸಾಕ್ಷಿಗಳಾಗಿ ಇಬ್ಬರು ಗ್ರಾಹಕರನ್ನು ಕರೆದುಕೊಂಡಿದ್ದೆ. ಒಳಗಿದ್ದುದನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಪಟ್ಟಿ ಮಾಡಿದೆ. ಕ್ರಯಪತ್ರ, ಕಂದಾಯದ ರಸೀದಿಗಳು, ನಾಲ್ಕು ಬಳೆ, ಮಗುವಿನ ಬೆಳ್ಳಿಯ ಉಡಿದಾರ ಒಂದು. ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ. ಅದೇ ಹೆಸರು, ಹೆತ್ತ ತಂದೆಯ ಹೆಸರು, ನಿಜವಾದ ಹುಟ್ಟಿದ ದಿನ. ನಾನು ಕೇಳಿದ್ದ ಕಾಗದ ಅದು. ಅದನ್ನು ನೋಡಲು ಲಾಕರ್ ತೆಗೆಯಬೇಕಿತ್ತು.

ತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಜಿಯ ಕಡೆ ನೀಡಿದರು. ಅವರು ತೆಗೆದುಕೊಳ್ಳಲಿಲ್ಲ. "ಗಣಿತದಲ್ಲಿ ಎಷ್ಟು ಬಂದಿದೆ ನೋಡು" ಎಂದರು. ತಮ್ಮ ನೋಡಿ ಹೇಳಿದರು, ತುಂಬ ಒಳ್ಳೆಯ ಅಂಕ. "ಅವಳಮ್ಮ ಅದಕ್ಕೇ ಇಟ್ಕೊಂಡಿರ್ಬೇಕು" ಎಂದು ಮಾತಾಜಿ ಹೇಳಿದ ಹಾಗೆ ನೆನಪು. ನನ್ನಮ್ಮ ಎನ್ನಲಿಲ್ಲ. ಅದರ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಇ-ಖಾತೆ ಆಯಿತು. ಎರಡು ತಿಂಗಳ ನಂತರ ಮಾತಾಜಿಯ ತಮ್ಮ ಒಂದು ಪೊಟ್ಟಣ ಮೈಸೂರುಪಾಕ್ ತಂದು ನನ್ನ ಮೇಜಿನ ಮೇಲಿಟ್ಟರು. ಮಾತಾಜಿ ಹೇಗಿದ್ದಾರೆ ಎಂದು ಉಪಚಾರಕ್ಕೆ ಕೇಳಿದೆ. ಸಹಿ ಹಾಕಿ ಮಠಕ್ಕೆ ಮರಳಿದ ದಿನವೇ ಅವರು ಗುರುಗಳ ಮುಂದೆ ಎಲ್ಲವನ್ನೂ ಹೇಳಿದರಂತೆ. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಗುರುಗಳು ತೊಂಬತ್ತು ದಾಟಿದವರು. ನಿನಗೆ ತಿಳಿದಂತೆ ಮಾಡಮ್ಮ ಎಂದರಂತೆ. ಮಾತಾಜಿ ಮಾರನೆಯ ದಿನದಿಂದ ಪೀಠದ ಪಕ್ಕ ಕೂರುವುದನ್ನು ಬಿಟ್ಟರು. ಆ ತಿಂಗಳು ದೀಕ್ಷೆಗೆಂದು ಕಾದಿದ್ದ ಹುಡುಗಿಯರನ್ನು ಬೇರೆ ಮಠಕ್ಕೆ ಕಳಿಸಲಾಯಿತು.

"ನಂದೇ ತಪ್ಪು ಸಾರ್" ಎಂದರು ತಮ್ಮ. "ನಿಮ್ಮದೇನಿದೆ" ಎಂದೆ. ಅವರು ಹೋದ ಮೇಲೆ ಮೈಸೂರುಪಾಕನ್ನು ಶಾಖೆಯವರಿಗೆಲ್ಲ ಹಂಚಿದೆ.

ಒಂದು ಭಾನುವಾರ ಮೆಟ್ರೋದಲ್ಲಿ ಕೆಂಗೇರಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮಠಕ್ಕೆ ಹೋದೆ. ಯಾಕೆ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಕ್ಷಮೆ ಕೇಳಲು ಎಂದರೆ, ಯಾವುದಕ್ಕೆ? ಮೂವತ್ತು ವರ್ಷದಲ್ಲಿ ಒಬ್ಬಳು ಇನ್ನೊಬ್ಬಳಾಗುತ್ತಾಳೆ ಎಂಬುದನ್ನು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ನಂಬದಿದ್ದುದು ತಪ್ಪು ಎಂದು ಅನ್ನಿಸಿಲ್ಲ. ಆಕೆ ನಂಬಿದ್ದರು, ಆ ನಂಬಿಕೆಯ ಮೇಲೆ ಒಂದು ಇಡೀ ಬದುಕನ್ನು ಇಟ್ಟಿದ್ದರು. ಅದನ್ನು ನಾನು ಒಂದು ಜಾಣ ಮಾತಿನಷ್ಟೂ ಭಾರವಿಲ್ಲದ್ದೆಂದು ಎಣಿಸಿದೆನಲ್ಲ.

ದಾಸೋಹದ ಅಡುಗೆಮನೆಯ ಹೊರಗೆ ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕೂಡಲೇ ಗುರುತಿಸಿದರು. "ಬ್ಯಾಂಕಿನ ತಮ್ಮ ಅಲ್ವಾ? ಊಟ ಮಾಡ್ಕೊಂಡ್ ಹೋಗು" ಎಂದರು. ನಾನು ನೆಲದ ಮೇಲೆ ಕುಳಿತೆ. ಅವರು ಸಂತೋಷವಾಗಿದ್ದರೋ ದುಃಖದಲ್ಲಿದ್ದರೋ ನನಗೆ ತಿಳಿಯಲಿಲ್ಲ. ಅಕ್ಕಿಯಿಂದ ಒಂದು ಕಲ್ಲು ತೆಗೆದು ಬದಿಗಿಟ್ಟರು. ಒಳಗಿನಿಂದ ಹುಡುಗಿಯೊಬ್ಬಳು ಬಂದು ಅವರ ಕಾಲು ಮುಟ್ಟಲು ಬಾಗಿದಾಗ, ಬೇಡ ಎಂಬಂತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ನನ್ನಿಂದ ನಿಮಗೆ ತೊಂದರೆಯಾಯಿತು ಎಂದು ಏನೋ ತೊದಲಿದೆ.

"ನಿಂದೇನು ತಪ್ಪು? ನಿಮ್ಮ ಪುಸ್ತಕದಲ್ಲಿ ಹಾಗೇ ಬರ್ದಿದ್ರೆ ನೀನೇನ್ ಮಾಡಕ್ಕಾಗುತ್ತೆ" ಎಂದರು. ಆಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿ ಕೇಳಿದರು: "ಬೇರೆ ದಾರಿ ಇರ್ಲಿಲ್ಲ ತಾನೆ?"

"ಇರ್ಲಿಲ್ಲಮ್ಮಾ. ರೂಲ್ಸೇ ಹಾಗಿತ್ತು."

"ಗುರುಗಳ ಹತ್ರಾನೂ ಹಾಗೇ ಹೇಳಿದೀನಿ" ಎಂದು ಮತ್ತೆ ಅಕ್ಕಿಗೆ ಕೈ ಹಾಕಿದರು. ನಾನು ಊಟ ಮಾಡಿಕೊಂಡೇ ಬಂದೆ. ಅನ್ನ, ಹುಳಿ, ಗೋಧಿ ಪಾಯಸ.

ಕಳೆದ ವರ್ಷದ ಕೊನೆಯಲ್ಲಿ ನನಗೆ ವಿಜಯನಗರದ ಶಾಖೆಗೆ ವರ್ಗವಾಯಿತು. ಅಲ್ಲಿಗೆ ಒಬ್ಬ ಸ್ವಾಮಿಗಳು ಇಂಥದೇ ಕೆಲಸಕ್ಕೆ ಬಂದರು. ನಾನು ಮಾಮೂಲಿನಂತೆ ಮಾದರಿ ಪ್ರತಿಯನ್ನು ತೆಗೆಯುತ್ತಿದ್ದಾಗ, ಪಕ್ಕದ ಮೇಜಿನ ಸಹೋದ್ಯೋಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗಿ, ಅದು ಬೇಡವಲ್ಲ ಸಾರ್ ಎಂದಳು. ಧಾರ್ಮಿಕ ದೀಕ್ಷೆಯಿಂದ ಹೆಸರು ಬದಲಾದವರು ಈಗಿನ ಹೆಸರಿನಲ್ಲೇ ಸಹಿ ಹಾಕಬಹುದು, ಅವರ ಮಠದ ಅಥವಾ ಸಂಸ್ಥೆಯ ಮುಖ್ಯಸ್ಥರ ಪತ್ರ ಮತ್ತು ಶಾಖೆಯ ಇಬ್ಬರು ಗ್ರಾಹಕರ ಗುರುತು ಸಾಕು ಎಂದು ನಮ್ಮ ಬ್ಯಾಂಕಿನ ಸುತ್ತೋಲೆಯೊಂದು ಇದೆಯಂತೆ. ತರಬೇತಿಯಲ್ಲಿ ಓದಿಸಿದ್ದರಂತೆ. ಸುತ್ತೋಲೆ ಇತ್ತೀಚಿನದಿರಬೇಕು ಎಂದುಕೊಂಡೆ. ಹಾಗೆಂದೇ ಎರಡು ವಾರ ನನ್ನನ್ನು ನಾನು ನಂಬಿಸಿಕೊಂಡು ಓಡಾಡಿದೆ. ಸ್ವಾಮಿಗಳ ಕೆಲಸ ಒಂದೇ ದಿನದಲ್ಲಿ ಆಯಿತು. ಅವರು ಶುಭವಾಗಲಿ ಎಂದು ಹೋದರು.

ಆಮೇಲೆ ತಡೆಯಲಾಗದೆ ಒಂದು ಮಧ್ಯಾಹ್ನ ಬಸವೇಶ್ವರನಗರದ ಹಳೆಯ ಶಾಖೆಗೆ ಹೋಗಿ, ಸುತ್ತೋಲೆಗಳ ಫೈಲು ಕೇಳಿದೆ. ಮುಖ್ಯವಾದ ಸುತ್ತೋಲೆಗಳನ್ನು ಅಚ್ಚು ಹಾಕಿಸಿ ಮೇಜಿನಿಂದ ಮೇಜಿಗೆ ಕಳಿಸುವುದು, ಎಲ್ಲರೂ ಓದಿ ಅಡಿಯಲ್ಲಿ ಸಹಿ ಹಾಕುವುದು ನಮ್ಮಲ್ಲಿ ಪದ್ಧತಿ. ಟೋಕನ್ ಕೂಗುವ ಗದ್ದಲದಲ್ಲಿ ಅದನ್ನು ಯಾರೂ ಓದುವುದಿಲ್ಲ. ಸಹಿ ಹಾಕಿ ಪಕ್ಕಕ್ಕೆ ತಳ್ಳುತ್ತಾರೆ. ದಾಖಲೆಗಳ ಕೋಣೆಯ ಕಪಾಟಿನ ಪಕ್ಕ ನಿಂತೇ ಹಾಳೆಗಳನ್ನು ತಿರುಗಿಸಿದೆ. ಅಲ್ಲಿ ಕಂಡದ್ದನ್ನು ಮಾತಾಜಿಗೆ ಹೇಳಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಹೇಳಿದರೆ, ಗುರುಗಳ ಮುಂದೆ ಆಕೆ ಆಡಿದ ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ, ಆಕೆ ಮೊರದ ಮುಂದೆಯೇ ಇರುತ್ತಾರೆ.

ಸುತ್ತೋಲೆ ಸಿಕ್ಕಿತು. ಆಕೆ ಮೊದಲ ಸಲ ನನ್ನ ಮೇಜಿಗೆ ಬರುವುದಕ್ಕೆ ಐದು ತಿಂಗಳ ಹಿಂದಿನದು. ಕೆಳಗೆ 'ಓದಿದ್ದೇನೆ' ಎಂಬ ಸಾಲಿನ ಅಡಿಯಲ್ಲಿ ಎಂಟು ಸಹಿಗಳಿವೆ. ಮೂರನೆಯದು ನನ್ನದು.